ತುಂಬಿಸಿದ ಹಲ್ಲಿನ ಪಕ್ಕದಲ್ಲೇ ಮತ್ತೆ ಹುಳುಕು

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಹಿರಿಯರ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಷ್ಟ್ರೊಬ್ಬರ ವಿಷಯದಿಂದ ಶುರು ಮಾಡುತ್ತೇನೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಅರವತ್ತೆಂಟು ವಯಸ್ಸು. ಜೀವಮಾನವಿಡೀ ಎರಡೋ ಮೂರೋ ಸಲ ಹಲ್ಲಿನ ಡಾಕ್ಟರ ಮುಖ ನೋಡಿದವರು. ಅಂಥವರಿಗೆ ಒಂದೇ ವರ್ಷದಲ್ಲಿ ನಾಲ್ಕು ಹಲ್ಲಿನ ಬುಡ ಹುಳುಕಾಯಿತು. ನಾನು ಕೆರೆದು, ಸಿಮೆಂಟು ತುಂಬಿಸಿ ಕಳಿಸಿದೆ. ಆರು ತಿಂಗಳಿಗೆ ವಾಪಸ್ ಬಂದರು. ತುಂಬಿಸಿದ ಜಾಗದ ಅಂಚಿನಲ್ಲೇ ಮತ್ತೆ ಕಂದು ಗೆರೆ, ಪಕ್ಕದ ಇನ್ನೂ ಮೂರು ಹಲ್ಲಿನ ಬುಡದಲ್ಲಿ ಹೊಸದು. ಕನ್ನಡಿಯಲ್ಲಿ ತೋರಿಸಿದಾಗ ಅವರು ಬಹಳ ಸಂಕೋಚದಿಂದ, "ಡಾಕ್ಟ್ರಮ್ಮ, ತಪ್ಪು ತಿಳ್ಕೋಬೇಡಿ, ಸಿಮೆಂಟು ಸರಿಯಾಗಿ ಕೂರಲಿಲ್ವೇನೋ" ಅಂದರು.

ಸಿಮೆಂಟು ಸರಿಯಾಗಿಯೇ ಕೂತಿತ್ತು. ಸರಿಯಿಲ್ಲದ್ದು ನನ್ನ ವಿಚಾರಣೆ. ಅವರು ಮಾತಾಡುವಾಗ ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ಚಟಕ್ ಎನ್ನುವ ಸಣ್ಣ ಶಬ್ದ ನನಗೆ ಅವತ್ತು ಕೇಳಿಸಿತು. ಬಾಯಿಗೆ ಹಾಕಿದ ಕನ್ನಡಿ ಕೆನ್ನೆಯ ಒಳಚರ್ಮಕ್ಕೆ ಅಂಟಿಕೊಂಡಿತು. "ಬಾಯಿ ಒಣಗುತ್ತಾ ಮೇಷ್ಟ್ರೇ?" ಅಂತ ಕೇಳಿದೆ. "ಅಯ್ಯೋ, ಎರಡು ವರ್ಷದಿಂದ ಅದೇ ಗೋಳು" ಅಂತ ಅಂಗಿ ಜೇಬಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದರು. ಒಳಗೆ ಕಲ್ಲುಸಕ್ಕರೆ. ಬಾಯಿ ಒಣಗಿದಾಗಲೆಲ್ಲ ಒಂದು ಹರಳು. ರಾತ್ರಿ ಎಚ್ಚರವಾದರೆ ತಲೆದಿಂಬಿನ ಪಕ್ಕ ಇನ್ನೊಂದು ಡಬ್ಬಿ.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಡಬ್ಬಿಯಲ್ಲೇ ಇದೆ. ಹಲ್ಲಿನ ತೂತು ಬೇರೆ, ಹುಳುಕಿನ ಕಾಯಿಲೆ ಬೇರೆ. ತೂತನ್ನು ನಾವು ಮುಚ್ಚಬಲ್ಲೆವು. ಕಾಯಿಲೆಯನ್ನು ಮುಚ್ಚಲು ಬರುವುದಿಲ್ಲ. ಅದು ಬಾಯಿಯಲ್ಲಿ ಉಳಿದೇ ಇರುತ್ತದೆ, ತುಂಬಿಸಿದ ಹಲ್ಲಿನ ಅಂಚಿಗೆ ಬರುತ್ತದೆ, ಪಕ್ಕದ ಹಲ್ಲಿಗೆ ಹೋಗುತ್ತದೆ. ನಲ್ಲಿ ಸೋರುವುದನ್ನು ನಿಲ್ಲಿಸದೆ ನೆಲ ಒರೆಸಿದ ಹಾಗೆ.

ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ಹುಳುಕು ಅಂದರೆ ಹುಳು ಹಿಡಿದದ್ದು. ಹುಳುಕು ಬದನೆಕಾಯಿ, ಹುಳುಕು ಕಾಳು, ಹುಳುಕು ಹಲ್ಲು. ಹುಳು ಒಳಗೆ ಕೂತು ತಿನ್ನುತ್ತಿದೆ ಅನ್ನುವ ನಂಬಿಕೆ ನಮ್ಮದೊಂದೇ ಅಲ್ಲ, ಲೋಕದ ತುಂಬ ಇತ್ತು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್, ನಾನು ಹುಡುಕಿ ನೋಡಿದೆ, ಹುಳು ಕಾಣಲಿಲ್ಲ ಎಂದು ಬರೆದರು. ನಮ್ಮ ಹಳ್ಳಿಗಳಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಬಾಯಿಗೆ ಹೊಗೆ ಹಿಡಿಸುವುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಹೊಗೆ ಹಿಡಿಸಿದ ಮೇಲೆ ಬಟ್ಟಲಿನಲ್ಲಿ ಕಾಣುವ ಬಿಳಿ ಎಳೆಗಳು ಬೀಜದ ಒಳಭಾಗ, ಹಲ್ಲಿನಿಂದ ಬಿದ್ದ ಹುಳುಗಳಲ್ಲ. ಹುಳು ತೆಗೆಸಿಕೊಂಡೆ ಅಂತ ಸಮಾಧಾನವಾಗಿ ಮನೆಗೆ ಹೋದವರ ಹಲ್ಲು ಒಳಗೊಳಗೇ ಕೊರೆಯುತ್ತಾ ಹೋಗುತ್ತದೆ. ನನಗೆ ಸಂಕಟವಾಗುವುದು ಅದಕ್ಕೆ.

ಹಾಗಾದರೆ ಕೊರೆಯುವುದು ಯಾವುದು? 1890ರಲ್ಲಿ ಬರ್ಲಿನ್‌ನಲ್ಲಿದ್ದ ಮಿಲ್ಲರ್ ಎಂಬ ಅಮೆರಿಕದ ದಂತವೈದ್ಯ ಇದಕ್ಕೆ ಉತ್ತರ ಕೊಟ್ಟರು. ಕಿತ್ತ ಹಲ್ಲನ್ನು ಎಂಜಲು ಮತ್ತು ಬ್ರೆಡ್ಡಿನ ಜೊತೆ ಬೆಚ್ಚಗೆ ಇಟ್ಟರೆ ಅದು ಮೆತ್ತಗಾಗುತ್ತದೆ ಎಂದು ತೋರಿಸಿದರು. ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ನಾವು ತಿಂದ ಸಿಹಿಯನ್ನೂ ಹಿಟ್ಟಿನ ಪದಾರ್ಥವನ್ನೂ ಅವು ಹುಳಿ ಮಾಡುತ್ತವೆ, ಹಾಲು ಮೊಸರಾಗುವ ಹಾಗೆಯೇ. ಆ ಹುಳಿ, ಅಂದರೆ ಆಮ್ಲ, ಹಲ್ಲಿನ ಸುಣ್ಣದಂಶವನ್ನು ಕರಗಿಸುತ್ತದೆ. ಇದು ಎಲ್ಲರ ಬಾಯಿಯಲ್ಲೂ, ನನ್ನ ಬಾಯಿಯಲ್ಲೂ, ದಿನಾ ನಡೆಯುತ್ತದೆ.

ಆಮೇಲೆ ನಡೆಯುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಜೊಲ್ಲು ಬಂದು ಆ ಹುಳಿಯನ್ನು ತೊಳೆಯುತ್ತದೆ, ತಣ್ಣಗಾಗಿಸುತ್ತದೆ, ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ರಂಜಕವನ್ನು ಹಲ್ಲಿಗೆ ವಾಪಸ್ ಕೂರಿಸುತ್ತದೆ. ಹೋದದ್ದು ಮರಳಿ ಬರುತ್ತದೆ. ಹಲ್ಲು ಸತ್ತ ಕಲ್ಲಿನ ತುಂಡು ಅಂದುಕೊಂಡಿದ್ದರೆ ದಯವಿಟ್ಟು ಅದನ್ನು ಮರೆತುಬಿಡಿ. ಅದರ ಮೇಲ್ಮೈಯಲ್ಲಿ ಜಮಾ ಖರ್ಚು ನಡೆಯುತ್ತಲೇ ಇರುತ್ತದೆ. ಖರ್ಚು ತಿಂಗಳುಗಟ್ಟಲೆ ಮೇಲುಗೈಯಾದರೆ ಮೊದಲು ಸುಣ್ಣ ಬಳಿದಂಥ ಒಂದು ಬಿಳಿ ಮಚ್ಚೆ, ಆಮೇಲೆ ಒರಟು ಕಂದು, ಕೊನೆಗೆ ತೂತು. ಬಿಳಿ ಮಚ್ಚೆಯ ಹಂತದಲ್ಲಿ ತೂತು ಬಿದ್ದಿರುವುದಿಲ್ಲ. ಅಲ್ಲಿಂದ ಹಲ್ಲನ್ನು ಹಿಂದಕ್ಕೆ ಕರೆತರಬಹುದು, ಡ್ರಿಲ್ ಮುಟ್ಟಿಸದೆ.

ಹುಳಿ ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು 1940ರ ದಶಕದಲ್ಲಿ ಸ್ಟೀಫನ್ ಎಂಬುವರು ಅಳೆದರು. ಸಕ್ಕರೆ ನೀರು ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಪಾಚಿಯ ಪಿಎಚ್ ಧಡಕ್ಕನೆ ಇಳಿಯುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಮೊದಲಿನ ಮಟ್ಟಕ್ಕೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಎನಾಮೆಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಕರಗಲು ಶುರುವಾಗುವುದು ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ. ಇಲ್ಲಿ ಕುಳಿತಿರುವ ನಿಮಗೆ ಮುಖ್ಯವಾದ ಅಂಕಿ ಬೇರೆ. ವಯಸ್ಸಾದ ಹಾಗೆ ಒಸಡು ಕೆಳಗಿಳಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ. ಅದು 6.2ರಿಂದ 6.7ರ ಆಸುಪಾಸಿನಲ್ಲೇ, ಅಂದರೆ ಬಹಳ ಸಣ್ಣ ಹುಳಿಗೇ, ಕರಗತೊಡಗುತ್ತದೆ. ಮಕ್ಕಳ ಹುಳುಕು ದವಡೆ ಹಲ್ಲಿನ ಮೇಲಿನ ಗುಳಿಯಲ್ಲಿ ಕಾಣುತ್ತದೆ, ಹಿರಿಯರದು ಬುಡದಲ್ಲಿ, ಒಸಡಿನ ಗೆರೆಯ ಪಕ್ಕದಲ್ಲಿ, ಮರಕ್ಕೆ ಸುತ್ತಲೂ ಕೊಡಲಿ ಏಟು ಬಿದ್ದ ಹಾಗೆ. ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲಿನ ತಲೆಯೇ ಮುರಿದು ಕೈಗೆ ಬರುತ್ತದೆ. ಅಲ್ಲಿಯವರೆಗೆ ನೋವೂ ಇರುವುದಿಲ್ಲ.

ಅಲ್ಲಿಗೆ ಪ್ರಶ್ನೆ, ಎಷ್ಟು ಸಿಹಿ ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು. ಇದನ್ನು ಗಟ್ಟಿಯಾಗಿ ತೋರಿಸಿದ್ದು ಸ್ವೀಡನ್ನಿನ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ 1940ರ ದಶಕದ ಮಧ್ಯದಿಂದ ನಡೆದ ಪ್ರಯೋಗ. ಊಟದ ಜೊತೆಗೇ ಸಕ್ಕರೆ ಕೊಟ್ಟವರಿಗೆ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟದ ನಡುನಡುವೆ ಅಂಟು ಮಿಠಾಯಿ ಕೊಟ್ಟವರ ಹಲ್ಲು ಹಾಳಾಗಿಹೋದವು. ಅವರು ಬುದ್ಧಿಮಾಂದ್ಯರಿಗಾಗಿ ಇದ್ದ ಸಂಸ್ಥೆಯ ನಿವಾಸಿಗಳು. ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಈ ವಿಷಯ ಹೇಳುವಾಗಲೆಲ್ಲ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ನಮ್ಮ ದಿನವನ್ನು ಒಮ್ಮೆ ಎಣಿಸೋಣ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ. ತಿಂಡಿಯ ಜೊತೆ ಇನ್ನೊಂದು. ಹತ್ತೂವರೆಗೆ ಟೀ, ಎರಡು ಬಿಸ್ಕತ್ತು. ಊಟ. ಊಟವಾದ ಮೇಲೆ ಬಾಳೆಹಣ್ಣೋ ಬೆಲ್ಲದ ಚೂರೋ. ನಾಲ್ಕಕ್ಕೆ ಕಾಫಿ, ಐದೂವರೆಗೆ ಯಾರೋ ಮನೆಗೆ ಬಂದರು ಅಂತ ಬೈ ಟು. ರಾತ್ರಿ ಊಟ. ಮಲಗುವ ಮುಂಚೆ ಸಕ್ಕರೆ ಹಾಕಿದ ಹಾಲು. ಒಂಬತ್ತು ಸಲ. ಒಂದೊಂದಕ್ಕೆ ಅರ್ಧ ಗಂಟೆ ಅಂದರೂ ನಾಲ್ಕೂವರೆ ಗಂಟೆ ಹಲ್ಲು ಹುಳಿಯಲ್ಲಿ ನೆನೆಯಿತು. ಅದೇ ಕಾಫಿಯನ್ನು ಲೋಟದಲ್ಲಿ ಇಟ್ಟುಕೊಂಡು ಒಂದು ಗಂಟೆ ಗುಟುಕರಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ. ಕಾಫಿ ಬಿಡಿ ಅಂತ ಹೇಳಲು ನಾನು ಬಂದಿಲ್ಲ. ಕುಡಿದು ಮುಗಿಸಿ. ಸಿಹಿ ಬೇಕೇ? ಊಟದ ಎಲೆಯಲ್ಲೇ ತಿನ್ನಿ, ನಡುವೆ ಬೇಡ. ಎರಡು ತಿನ್ನುವಿಕೆಯ ಮಧ್ಯೆ ಜೊಲ್ಲಿಗೆ ತನ್ನ ಕೆಲಸ ಮಾಡಲು ಎರಡು ಮೂರು ಗಂಟೆ ಬಿಡಿ.

ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರು ಇಲ್ಲಿ ಕೈಯೆತ್ತಿ, "ನಾವು ಸಕ್ಕರೆ ಬಿಟ್ಟು ವರ್ಷವಾಯ್ತು, ಎಲ್ಲಾ ಬೆಲ್ಲವೇ" ಅಂದರು. ಬ್ಯಾಕ್ಟೀರಿಯಾಕ್ಕೆ ಬೆಲ್ಲವೂ ಒಂದೇ, ಜೇನುತುಪ್ಪವೂ ಒಂದೇ, ಖರ್ಜೂರವೂ ಒಂದೇ. ಬೆಲ್ಲದ ಚಿಕ್ಕಿಯಂತೂ ಹಲ್ಲಿನ ಸಂದಿಯಲ್ಲಿ ಅಂಟಿ ಕೂರುತ್ತದೆ. ಇಡೀ ಮೈಯ ಆರೋಗ್ಯಕ್ಕೂ ಸೇರಿಸಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ಹೊರಗಿನಿಂದ ಸೇರಿಸಿಕೊಂಡ ಸಿಹಿ ದಿನದ ಶಕ್ತಿಯ ನೂರಕ್ಕೆ 10 ಭಾಗ ಮೀರಬಾರದು, 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. 5 ಅಂದರೆ ಸುಮಾರು 25 ಗ್ರಾಂ, ಆರು ಚಮಚೆ. ಮೇಲಿನ ಲೆಕ್ಕದ ಕಾಫಿ, ಟೀ, ಹಾಲುಗಳಲ್ಲೇ ಅದು ಮುಗಿದುಹೋಗುತ್ತದೆ.

ಈಗ ಬಾಯಿ ಒಣಗುವ ವಿಷಯ. ಇದಕ್ಕೆ ಹೆಚ್ಚು ಹೊತ್ತು ಬೇಕು, ಯಾಕೆಂದರೆ ಇದನ್ನು ಯಾರೂ ಕಾಯಿಲೆ ಅಂತ ಎಣಿಸುವುದೇ ಇಲ್ಲ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಜೊಲ್ಲು ಊರುತ್ತದೆ. ನಿದ್ದೆಯಲ್ಲಿ ಅದು ನಿಂತೇ ಹೋದಷ್ಟು ಕಡಿಮೆಯಾಗುತ್ತದೆ. ಬೆಳಿಗ್ಗೆಗಿಂತ ರಾತ್ರಿ ಹಲ್ಲುಜ್ಜುವುದು ಮುಖ್ಯ ಅಂತ ನಾವು ಬಡಿದುಕೊಳ್ಳುವುದು ಇದಕ್ಕೇ. ವಯಸ್ಸಾಯಿತು ಅಂತ ಬಾಯಿ ಒಣಗುತ್ತದೆ ಅಂದುಕೊಳ್ಳುತ್ತೀರಿ. ಬಹಳ ಮಟ್ಟಿಗೆ ಕಾರಣ ಮಾತ್ರೆಗಳು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಅಲರ್ಜಿ ಮತ್ತು ನೆಗಡಿಯ ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಮೂತ್ರ ತಡೆಯಲಾಗದವರಿಗೆ ಕೊಡುವ ಮಾತ್ರೆ. ಎರಡು ಮೂರು ಸೇರಿದರೆ ಒಣಗುವುದೂ ಹೆಚ್ಚು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಲ್ಲೂ ಬಾಯಿ ಒಣಗುತ್ತದೆ. ಅದರ ಮೇಲೆ, ಸ್ವಲ್ಪ ಸ್ವಲ್ಪ ಆಗಾಗ ತಿನ್ನಿ ಅಂದದ್ದನ್ನು ಆಗಾಗ ಬಿಸ್ಕತ್ತು ಅಂತ ಮಾಡಿಕೊಂಡವರೂ ಇದ್ದಾರೆ. ಅದರ ಬದಲು ಹುರಿಗಡಲೆ, ಕಡಲೆಕಾಯಿ, ಮಜ್ಜಿಗೆ ಇರಲಿ.

ಕೈಮುಗಿದು ಹೇಳುತ್ತೇನೆ, ಇದನ್ನು ಕೇಳಿ ಮನೆಗೆ ಹೋಗಿ ಯಾರೂ ಬಿಪಿ ಮಾತ್ರೆ ನಿಲ್ಲಿಸಬೇಡಿ. ಚೀಟಿ ತೆಗೆದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಬಾಯಿ ಒಣಗುತ್ತಿದೆ ಅಂತ ಹೇಳಿ. ಬದಲಾಯಿಸುವಂಥದ್ದಿದ್ದರೆ ಅವರೇ ಬದಲಾಯಿಸುತ್ತಾರೆ. ಅಲ್ಲಿಯವರೆಗೆ ಗುಟುಕು ಗುಟುಕು ಬರೀ ನೀರು. ಅಗಿಯಲು ಏನಾದರೂ ಬೇಕೆನಿಸಿದರೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್. ಕಲ್ಲುಸಕ್ಕರೆ, ಪೆಪ್ಪರ್‌ಮೆಂಟು, ಕೆಮ್ಮಿನ ಚೀಪುಮಾತ್ರೆ ಬೇಡ.

ಇದರಲ್ಲಿ ಅತ್ಯಂತ ಕಷ್ಟದ ಸ್ಥಿತಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದವರದು. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ನಮ್ಮ ಕಡೆ ಎಷ್ಟಿದೆಯೆಂದು ನಿಮಗೆ ಗೊತ್ತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುವ ಕುಟುಂಬಗಳು ನಮ್ಮಲ್ಲೂ ಇವೆ. ವಿಕಿರಣ ಜೊಲ್ಲಿನ ಗ್ರಂಥಿಗಳಿಗೆ ಬಿದ್ದರೆ ಅವು ಸೊರಗುತ್ತವೆ. ಕೆಲವೇ ತಿಂಗಳಲ್ಲಿ ಬಾಯಿ ತುಂಬ ಹುಳುಕು ಆಗಬಹುದು. ಆಮೇಲೆ ಹಲ್ಲು ಕೀಳಲು ಹೋದರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯ ಬೇರೆ. ಆದ್ದರಿಂದ ವಿಕಿರಣ ಶುರುವಾಗುವ ಮುಂಚೆಯೇ ಹಲ್ಲು ತೋರಿಸಿ, ತೆಗೆಯಬೇಕಾದ್ದನ್ನು ಮೊದಲೇ ತೆಗೆಸಿ, ಉಳಿದವಕ್ಕೆ ಫ್ಲೋರೈಡ್ ಕೊಡಿಸಿ. ಮನೆಯಲ್ಲಿ ಅಂಥವರಿದ್ದರೆ ಈ ಮಾತನ್ನು ಇವತ್ತೇ ಹೇಳಿ.

ಫ್ಲೋರೈಡ್ ಅಂದ ತಕ್ಷಣ ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಅದೇ ಅಲ್ವಾ ಮೇಡಂ ನಮ್ಮೂರ ನೀರಲ್ಲಿರೋ ವಿಷ?"

ಒಳ್ಳೆಯ ಪ್ರಶ್ನೆ, ಸಿಟ್ಟಿನಿಂದ ಕೇಳಿದ್ದೂ ಸರಿಯೇ. ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಕಡೆ ಹೋದರೆ ಹಲ್ಲಿನ ಮೇಲೆ ಕಂದು ಪಟ್ಟೆ ಇರುವವರನ್ನು, ಬೆನ್ನು ಬಾಗಿ ಕೀಲು ಹಿಡಿದವರನ್ನು ನೋಡುತ್ತೀರಿ. ಬೋರ್‌ವೆಲ್ ಆಳಕ್ಕೆ ಹೋದ ಹಾಗೆ ಕಲ್ಲಿನಿಂದ ಬರುವ ಫ್ಲೋರೈಡ್ ವರ್ಷಗಟ್ಟಲೆ ಹೊಟ್ಟೆಗೆ ಹೋಗಿ ಆದ ಅನಾಹುತ ಅದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಅಂಥ ಊರುಗಳಿಗೆ ಶುದ್ಧ ನೀರು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಲ್ಲಿನಲ್ಲಿ ಪಟ್ಟೆ ಮೂಡುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ, ನುಂಗಿದ ಫ್ಲೋರೈಡಿನಿಂದ. ದೊಡ್ಡವರು ಹಲ್ಲಿಗೆ ಹಚ್ಚಿ ಉಗುಳುವ ಪೇಸ್ಟಿನ ಕೆಲಸ ಬೇರೆ. ಕರಗಿದ ಜಾಗಕ್ಕೆ ಸುಣ್ಣದಂಶ ಮರಳುವಾಗ ಫ್ಲೋರೈಡ್ ಜೊತೆಗಿದ್ದರೆ ಹೊಸದಾಗಿ ಕೂತದ್ದು ಹುಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಪಟ್ಟೆ ಬಂದ ಹಲ್ಲಿಗೂ ಹುಳುಕು ಬರುತ್ತದೆ. ಅವರಿಗೂ ಪೇಸ್ಟು ಬೇಕು. ಪುಟ್ಟ ಮಕ್ಕಳ ಬ್ರಷ್ಷಿಗೆ ಮಾತ್ರ ಅಕ್ಕಿಕಾಳಿನಷ್ಟು, ಸ್ವಲ್ಪ ದೊಡ್ಡವರಿಗೆ ಬಟಾಣಿಯಷ್ಟು ಹಾಕಿ, ಪಕ್ಕದಲ್ಲಿ ನಿಂತು ಉಗುಳಿಸಿ.

ಮನೆಗೆ ಹೋಗಿ ನಿಮ್ಮ ಪೇಸ್ಟಿನ ಟ್ಯೂಬ್ ತಿರುಗಿಸಿ ಓದಿ. ಫ್ಲೋರೈಡ್ ಎಷ್ಟು ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು, ಅಂತ ಬರೆದಿರಬೇಕು. ನಮ್ಮಲ್ಲಿ 1000 ಮೀರುವಂತಿಲ್ಲ ಎಂಬ ನಿಯಮವಿದೆ, ಹತ್ತಿರ ಹತ್ತಿರ ಅಷ್ಟಿದ್ದರೆ ಸರಿ. ಗಿಡಮೂಲಿಕೆಯದು ಅಂತ ಮಾರುವ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಇದ್ದಿಲು, ಬೂದಿ, ಇಟ್ಟಿಗೆ ಪುಡಿಗಳಂತೂ ಈಗಾಗಲೇ ಹೊರಗೆ ಬಂದಿರುವ ಬೇರನ್ನು ಉಜ್ಜಿ ಉಜ್ಜಿ ಸವೆಸುತ್ತವೆ.

ಇನ್ನೊಂದು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸಬೇಡಿ. ಊಟವಾದ ಮೇಲೆ ಮುಕ್ಕಳಿಸುವುದು ನಮ್ಮ ಹಿರಿಯರಿಂದ ಬಂದ ಬಹಳ ಒಳ್ಳೆಯ ಅಭ್ಯಾಸ, ಅದನ್ನು ಬಿಡಬೇಡಿ. ಆದರೆ ರಾತ್ರಿ ಪೇಸ್ಟಿನಿಂದ ಉಜ್ಜಿ, ಮೂರು ಚೊಂಬು ನೀರಿನಲ್ಲಿ ಗಳಗಳ ಮಾಡಿದರೆ ಹಚ್ಚಿದ ಫ್ಲೋರೈಡೆಲ್ಲ ತೊಟ್ಟಿಗೆ ಹೋಯಿತು. ನೊರೆಯನ್ನು ಚೆನ್ನಾಗಿ ಉಗುಳಿ, ಹಾಗೇ ಮಲಗಿ. ಎರಡು ದಿನ ಬಾಯಿ ಒಂಥರಾ ಅನ್ನಿಸುತ್ತದೆ, ಮೂರನೆಯ ದಿನ ರೂಢಿಯಾಗುತ್ತದೆ. ಆಮೇಲೆ ಹಾಲೂ ಬೇಡ, ಹಣ್ಣೂ ಬೇಡ. ಹಲ್ಲಿನ ಸಂದಿಗೆ ಬ್ರಷ್ಷು ಹೋಗುವುದಿಲ್ಲ. ಸಂದಿಗೆಂದೇ ಸಣ್ಣ ಬ್ರಷ್ಷುಗಳು ಸಿಗುತ್ತವೆ, ಸೇಫ್ಟಿ ಪಿನ್ನನ್ನೂ ಬೆಂಕಿಕಡ್ಡಿಯನ್ನೂ ಬಿಟ್ಟು ಅದನ್ನು ಕೊಳ್ಳಿ.

ಹಾಗಿದ್ದರೆ ಡಾಕ್ಟರ ಕೆಲಸವೇನು ಅಂತ ಕೇಳಬಹುದು. ನಮ್ಮ ಕೆಲಸವೂ ಬದಲಾಗಿದೆ. ಹಿಂದೆ, ಮುಂದೆ ಹುಳುಕಾಗಬಹುದಾದ ಜಾಗವನ್ನೂ ಸೇರಿಸಿ ಅಗಲವಾಗಿ ಕೊರೆದು ತುಂಬಿಸಬೇಕು ಎಂದು ಕಲಿಸುತ್ತಿದ್ದರು. ಈಗ ಕೊರೆಯುವುದಕ್ಕಿಂತ ಕೊರೆಯದೆ ಉಳಿಸುವುದಕ್ಕೆ ಹೆಚ್ಚು ಯೋಚನೆ ಬೇಕು. ಮಚ್ಚೆಯಿದ್ದರೆ ಫ್ಲೋರೈಡ್ ವಾರ್ನಿಷ್, ಅಂದರೆ ಹಲ್ಲಿಗೆ ಅಂಟಿ ಕೂರುವ ಫ್ಲೋರೈಡ್ ಲೇಪ, ಹಚ್ಚಿ ಮೂರು ತಿಂಗಳು ಬಿಟ್ಟು ನೋಡುತ್ತೇವೆ. ತೂತು ಆಳವಾಗಿದ್ದರೆ, ನರದ ಪಕ್ಕದ ಕೊನೆಯ ಮೆತ್ತನೆಯ ಪದರವನ್ನು ಕೆರೆಯದೆ ಬಿಟ್ಟು ಮೇಲೆ ಭದ್ರವಾಗಿ ಮುಚ್ಚುತ್ತೇವೆ. ಹುಳುಕನ್ನು ಪೂರ್ತಿ ತೆಗೆಯಲಿಲ್ಲ ಅಂತ ಗಾಬರಿಯಾಗಬೇಡಿ, ಆಹಾರ ಸಿಗದ ಬ್ಯಾಕ್ಟೀರಿಯಾ ಅಲ್ಲೇ ಸೊರಗುತ್ತವೆ, ನರ ಉಳಿಯುತ್ತದೆ, ರೂಟ್ ಕೆನಾಲ್ ತಪ್ಪಬಹುದು.

ಹಾಸಿಗೆ ಹಿಡಿದವರು, ಕುರ್ಚಿಯಲ್ಲಿ ಅರ್ಧ ಗಂಟೆ ಬಾಯಿ ತೆರೆದು ಕೂರಲಾಗದವರು ಇದ್ದಾರಲ್ಲ, ಅವರಿಗೆ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ಹನಿ ಔಷಧ ಇದೆ. ಹುಳುಕಿನ ಮೇಲೆ ಹಚ್ಚಿದರೆ ಒಂದೆರಡು ನಿಮಿಷದ ಕೆಲಸ. ಚುಚ್ಚುಮದ್ದಿಲ್ಲ, ಡ್ರಿಲ್ಲಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದೇ ತೊಂದರೆ, ಹುಳುಕಿನ ಜಾಗ ಕಡುಗಪ್ಪಾಗಿ ಹಾಗೇ ಉಳಿಯುತ್ತದೆ. ಮುಂದಿನ ಹಲ್ಲಿಗೆ ಹಚ್ಚುವ ಮುಂಚೆ ಕೇಳಿಯೇ ಹಚ್ಚಬೇಕು.

ನೋವಿನ ಬಗ್ಗೆ ಚುಟುಕಾಗಿ. ತಣ್ಣೀರು ತಾಗಿದಾಗ ಜುಮ್ಮೆಂದು ಕೂಡಲೇ ಹೋದರೆ ನರ ಇನ್ನೂ ಉಳಿಯಬಹುದು, ಆ ವಾರವೇ ಬನ್ನಿ. ಬಿಸಿ ತಾಗಿದಾಗ ನೋವು ಶುರುವಾಗಿ ನಿಲ್ಲದೆ ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ರೂಟ್ ಕೆನಾಲ್ ಇಲ್ಲವೇ ಕೀಳುವುದು. ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ವಾಸಿ ಮಾಡುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಆಂಟಿಬಯಾಟಿಕ್ ಹಲ್ಲಿನೊಳಗಿನ ಕೊಳೆಯನ್ನು ತೆಗೆಯಲಾರದು, ನೋವು ಕಡಿಮೆಯಾಯಿತು ಎಂಬ ಭ್ರಮೆ ಮಾತ್ರ. ದವಡೆಯ ಕೆಳಗೆ ಊತ ಬಂದು ನುಂಗಲು ಕಷ್ಟವಾದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರು ಕಟ್ಟಿದ ಹಾಗಾದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಿ. ಹಲ್ಲಿನ ಕೀವಿನಿಂದ ಜೀವ ಹೋಗುವುದುಂಟು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನುವುದು ಮಾತ್ರ ಸುಳ್ಳು. ಆ ಭಯಕ್ಕೆ ಕೀವು ತುಂಬಿದ ಹಲ್ಲನ್ನು ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಬಿಪಿಎಲ್ ಕುಟುಂಬದ ಹಿರಿಯರಿಗೆ ಪುಕ್ಕಟೆ ಹಲ್ಲುಸೆಟ್ಟು ಕೊಡುವ ದಂತ ಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ತಂದಿತು. ಹಲ್ಲೇ ಇಲ್ಲದವರು ಮುದ್ದೆಯ ಜೊತೆ ಸೊಪ್ಪು ಅಗಿದು ತಿನ್ನುವಂತಾಗುವುದು ಸಣ್ಣ ವಿಷಯವಲ್ಲ. ಆದರೆ ಹಲ್ಲು ಇರುವಾಗಲೇ ವೃದ್ಧಾಪ್ಯ ವೇತನ ಪಡೆಯುವವರ ಕೈಗೆ ಒಂದು ಟ್ಯೂಬ್ ಫ್ಲೋರೈಡ್ ಪೇಸ್ಟು, ವರ್ಷಕ್ಕೆ ಎರಡು ಸಲ ವಾರ್ನಿಷ್ ಕೊಟ್ಟರೆ ಎಷ್ಟು ಸೆಟ್ಟುಗಳ ಅಗತ್ಯವೇ ಬೀಳುತ್ತಿರಲಿಲ್ಲ ಅಂತ ನಾನು ಯೋಚಿಸುತ್ತಿರುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುವ ದಿನವೇ ಬಾಯಿಯನ್ನೂ ನೋಡಲು ಏನು ಅಡ್ಡಿ?

ಮೇಷ್ಟ್ರು ಏನಾದರು ಅಂತ ನೀವು ಕೇಳುವ ಮುಂಚೆ ಹೇಳುತ್ತೇನೆ. ಅವರ ಫಿಜಿಷಿಯನ್ ಒಂದು ಮಾತ್ರೆ ಬದಲಾಯಿಸಿದರು, ಇನ್ನೊಂದನ್ನು ಬದಲಾಯಿಸಲಾಗಲಿಲ್ಲ. ಜೇಬಿನ ಡಬ್ಬಿ ಈಗಲೂ ಇದೆ, ಒಳಗೆ ಸಕ್ಕರೆಯಿಲ್ಲದ ಗಮ್. ಮೂರು ತಿಂಗಳಿಗೊಮ್ಮೆ ಬಂದು ವಾರ್ನಿಷ್ ಹಚ್ಚಿಸಿಕೊಂಡು ಹೋಗುತ್ತಾರೆ. ಹೊಸದಾಗಿ ಕಂಡಿದ್ದ ಮೂರು ಹಲ್ಲುಗಳಲ್ಲಿ ಒಂದನ್ನು ತುಂಬಿಸಬೇಕಾಯಿತು. ಉಳಿದೆರಡರ ಬುಡ ಮೊದಲು ಚರ್ಮದ ಹಾಗೆ ಮೆತ್ತಗಿತ್ತು, ಸಲಕರಣೆ ತಾಗಿಸಿದರೆ ಒಳಗೆ ಇಳಿಯುತ್ತಿತ್ತು. ಹೋದ ತಿಂಗಳು ತಾಗಿಸಿದಾಗ ಟಿಕ್ ಟಿಕ್ ಅಂತ ಗಟ್ಟಿ ಶಬ್ದ ಬಂತು. ಬಣ್ಣ ಕಪ್ಪು, ಆದರೆ ಗಾಜಿನಂತೆ ನುಣುಪು. ಅದನ್ನು ನಾನು ಮುಟ್ಟಲಿಲ್ಲ.

ಕೊನೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. "ನಂದು ಕೆಳಗಿನ ದವಡೆ ಹಲ್ಲು ಒಂದು ಚೂರು ಮುರಿದೈತಮ್ಮ. ನೋವಿಲ್ಲ. ಕೀಳಿಸಿ ಬಿಸಾಕ್ಲಾ?"

ಕೀಳಿಸಬೇಡಿ ಅಮ್ಮ, ಮೊದಲು ಒಂದು ಎಕ್ಸ್‌ರೇ ನೋಡೋಣ ಅಂದೆ. ಮಂಗಳವಾರ ಸಂತೆಗೆ ಬರುತ್ತೀರಲ್ಲ, ಅವತ್ತೇ ಬನ್ನಿ. ಬರುವಾಗ ನೀವು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ.